ಕಾಡುದಾರಿಯ ಚಾರಣ: ಲೆಕ್ಕವನ್ನು ಮರಳುವ ಹೊತ್ತಿನಿಂದ ಶುರುಮಾಡಿ

ಪ್ರಶ್ನೆ: ನಾವು ನಾಲ್ವರು: ನಾನು, ನನ್ನ ಪತಿ, ಒಂಬತ್ತು ವರ್ಷದ ಮಗಳು ಮತ್ತು 63 ವರ್ಷದ ನನ್ನ ತಾಯಿ. ಯಾರಿಗೂ ಚಾರಣದ ಅನುಭವವಿಲ್ಲ. ಕಾಡಿನ ನಡುವೆ ಸಾಗಿ ಬೆಟ್ಟದಂಚಿನ ವ್ಯೂ ಪಾಯಿಂಟ್ ತಲುಪುವ ಒಂದು ಕಾಲುದಾರಿಯನ್ನು ನೋಡಿಟ್ಟುಕೊಂಡಿದ್ದೇವೆ. ಹೋಗಲು 4 ಕಿಲೋಮೀಟರ್, ಬರಲು ಅಷ್ಟೇ. ‘ಸುಲಭ’ ಎಂದು ಬರೆದಿದೆ. ಮಧ್ಯಾಹ್ನದ ಊಟ ಮುಗಿಸಿ ಹೊರಟು, ಮೇಲೆ ಸೂರ್ಯಾಸ್ತ ನೋಡಿಕೊಂಡು ಇಳಿಯಬೇಕೆಂಬ ಆಸೆ. ತಾಯಿಗೆ ಆಗಾಗ ಮಂಡಿನೋವು ಬರುತ್ತದೆ. ಇದು ಆಗುವ ಮಾತೇ? ಹೇಗೆ ಯೋಜಿಸಬೇಕು, ಏನೇನು ಒಯ್ಯಬೇಕು?

ಉತ್ತರ: ನೀವು ಆರಿಸಿದ ದಾರಿ ನಿಮಗೆ ಒಗ್ಗಬಹುದು, ಆರಿಸಿದ ಹೊತ್ತು ಮಾತ್ರ ಒಗ್ಗುವುದಿಲ್ಲ. ಸೂರ್ಯಾಸ್ತದ ಆಸೆಯನ್ನು ಈ ಸಲಕ್ಕೆ ಬಿಟ್ಟುಬಿಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದು ವಿವರಿಸಿದರೆ ಉಳಿದ ಪ್ರಶ್ನೆಗಳಿಗೂ ಬಹುಪಾಲು ಉತ್ತರ ಸಿಕ್ಕಂತಾಗುತ್ತದೆ.

ಹೊಸಬರು ಚಾರಣದ ಯೋಜನೆ ಹಾಕುವಾಗ ಮನಸ್ಸು ತುದಿಯಲ್ಲಿರುವ ನೋಟದ ಮೇಲೆಯೇ ಇರುತ್ತದೆ. ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದು ಎಣಿಸುತ್ತಾರೆ, ಅಲ್ಲಿಂದ ಮುಂದಿನದನ್ನು ಎಣಿಸುವುದೇ ಇಲ್ಲ. ಆದರೆ ವ್ಯೂ ಪಾಯಿಂಟ್ ಅರ್ಧದಾರಿ ಅಷ್ಟೇ. ಉಳಿದರ್ಧವನ್ನು ದಣಿದ ಕಾಲುಗಳಲ್ಲಿ, ಕಡಿಮೆಯಾದ ನೀರಿನಲ್ಲಿ, ‘ನೋಡಿಯಾಯಿತಲ್ಲ’ ಎಂಬ ಸಡಿಲಾದ ಮನಸ್ಸಿನಲ್ಲಿ ನಡೆಯಬೇಕು. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಹಾಕಬೇಕು. ಎಷ್ಟು ಗಂಟೆಗೆ ಎಲ್ಲರೂ ಕೆಳಗೆ, ವಾಹನದ ಬಳಿ ಇರಬೇಕು ಎಂಬುದನ್ನು ಮೊದಲು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ.

ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟದ್ದು, ಇಂದಿಗೂ ಚಾರಣಿಗರು ಬಳಸುತ್ತಾರೆ. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಿಮ್ಮ ದಾರಿಯ ಏರಿಕೆ ಎಷ್ಟೆಂದು ನೀವು ಬರೆದಿಲ್ಲ. 300 ಮೀಟರ್ ಎಂದಿಟ್ಟುಕೊಳ್ಳೋಣ. ಸೂತ್ರದ ಪ್ರಕಾರ ಮೇಲೆ ಹೋಗಲು 48 ಮತ್ತು 30, ಒಟ್ಟು 78 ನಿಮಿಷ ಸಾಕು. ಆದರೆ ಇದು ಗಟ್ಟಿ ಕಾಲಿನ, ನಿಲ್ಲದೆ ನಡೆಯುವವರ ಲೆಕ್ಕ. ಇದರಲ್ಲಿ ವಿಶ್ರಾಂತಿಯಿಲ್ಲ, ಬೂಟಿನ ದಾರ ಕಟ್ಟುವುದಿಲ್ಲ, ಅಣಬೆ ಕಂಡಲ್ಲೆಲ್ಲ ಕೂತುಬಿಡುವ ಮಗುವಿಲ್ಲ. ಗುಂಪಿನ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ. ನಿಮ್ಮ ನಾಲ್ವರಿಗೆ ಗಂಟೆಗೆ 3 ಕಿಲೋಮೀಟರ್ ಹಿಡಿಯಿರಿ, ಪ್ರತಿ 100 ಮೀಟರ್ ಏರಿಕೆಗೆ 15 ನಿಮಿಷ ಸೇರಿಸಿ, ನಡುವೆ ಹತ್ತು ಹತ್ತು ನಿಮಿಷದ ಎರಡು ನಿಲುಗಡೆ ಇಡಿ. ಹತ್ತಿರ ಹತ್ತಿರ ಎರಡೂವರೆ ಗಂಟೆಯಾಯಿತು. ಮೇಲೆ ಒಂದು ಗಂಟೆ, ಇಳಿಯಲು ಎರಡು ಗಂಟೆ. ಒಟ್ಟು ಐದೂವರೆ.

ಈಗ ನಿಮ್ಮ ಯೋಜನೆಯನ್ನು ಇದರ ಪಕ್ಕದಲ್ಲಿಡಿ. ಊಟ ಮುಗಿಸಿ 2 ಗಂಟೆಗೆ ಹೊರಟರೆ ಮೇಲೆ ಮುಟ್ಟುವುದು ನಾಲ್ಕೂವರೆಗೆ. 6 ಗಂಟೆಗೆ ಸೂರ್ಯ ಮುಳುಗಿದ ಮೇಲೆ ಇಳಿಯಲು ಶುರುಮಾಡಿದರೆ 8 ಗಂಟೆಗೆ ಕೆಳಗೆ. ಇಳಿಜಾರಿನ ಎರಡು ಗಂಟೆಯನ್ನೂ ಕತ್ತಲೆಯಲ್ಲಿ ಕಳೆಯಬೇಕಾಗುತ್ತದೆ. ಬಯಲಿನಲ್ಲಿ ಸೂರ್ಯ ಮುಳುಗಿದ ಮೇಲೂ ತುಸು ಹೊತ್ತು ಬೆಳಕು ಉಳಿಯುತ್ತದೆ. ಮರಗಳ ಕೆಳಗೆ ಹಾಗಲ್ಲ, ಆಕಾಶ ಇನ್ನೂ ಬೆಳ್ಳಗಿರುವಾಗಲೇ ನೆಲದ ಬೇರು ಕಲ್ಲುಗಳು ಕಾಣದಂತಾಗುತ್ತವೆ. ಭೂಮಧ್ಯರೇಖೆಗೆ ಹತ್ತಿರ ಹೋದಷ್ಟೂ ಸಂಜೆಗತ್ತಲ ಅವಧಿಯೇ ಚಿಕ್ಕದು, ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು ಕವಿಯುತ್ತದೆ. ಮಂಡಿನೋವಿರುವ ಹಿರಿಯರನ್ನೂ ದಣಿದ ಮಗುವನ್ನೂ ಟಾರ್ಚಿನ ಬೆಳಕಿನಲ್ಲಿ ಬೇರುಗಳ ಮೇಲೆ ಇಳಿಸುವುದು ಸುಲಭ ಚಾರಣವಲ್ಲ, ಆ ದಾರಿಯ ಹೆಸರಿನ ಮುಂದೆ ಏನೇ ಬರೆದಿರಲಿ.

ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಕೆಳಗಿರಬೇಕು ಎಂಬುದು ನನ್ನ ನಿಯಮ. ಕಾಲು ಉಳುಕಿದರೆ, ದಾರಿ ತಪ್ಪಿದರೆ ಆ ಎರಡು ಗಂಟೆ ಕೈಯಲ್ಲಿರುತ್ತದೆ. ಅಂದರೆ 4ಕ್ಕೆ ಕೆಳಗೆ, 2ಕ್ಕೆ ತುದಿಯಿಂದ ಹೊರಡುವುದು, ಬೆಳಿಗ್ಗೆ ಹತ್ತೂವರೆಗೆ ನಡಿಗೆಯ ಆರಂಭ. ಇದು ತೀರಾ ಕೊನೆಯ ಮಿತಿ. ನಾನಾದರೆ ನಿಮ್ಮನ್ನು ಏಳೂವರೆಗೆ ಹೊರಡಿಸುತ್ತೇನೆ. 10ಕ್ಕೆ ಮೇಲೆ, 11ಕ್ಕೆ ಅಲ್ಲಿಂದ ಹೊರಟು 1 ಗಂಟೆಗೆ ಕೆಳಗೆ. ಜೊತೆಗೆ ‘ಮರಳುವ ಗಂಟೆ’ ಒಂದನ್ನು ಮನೆಯಲ್ಲೇ ನಿಶ್ಚಯಿಸಿಕೊಳ್ಳಿ. ನಿಮಗೆ ಅದು ಮಧ್ಯಾಹ್ನ 12. ತುದಿ ಇನ್ನು ಇನ್ನೂರೇ ಹೆಜ್ಜೆ ಎನ್ನುವಷ್ಟು ಹತ್ತಿರವಿದ್ದರೂ 12 ಹೊಡೆದರೆ ಹಿಂತಿರುಗಬೇಕು. ಇದನ್ನು ಮನೆಯಲ್ಲಿ ತೀರ್ಮಾನಿಸಬೇಕಾದ ಕಾರಣವಿದೆ: ತುದಿಯ ಹತ್ತಿರ ನಿಂತು ಯೋಚಿಸಿದರೆ ಯಾರೂ ಹಿಂತಿರುಗುವುದಿಲ್ಲ.

ಬೆಳಗಿನ ಹೊತ್ತನ್ನು ಹೇಳುವುದು ಬರಿಯ ಭಯದಿಂದಲ್ಲ. ನೋಟವೂ ಆಗಲೇ ಚೆನ್ನ. ಕಣಿವೆಯಲ್ಲಿ ರಾತ್ರಿ ತಣ್ಣನೆಯ ಗಾಳಿ ಕೆಳಗೆ ಇಳಿದು ನಿಲ್ಲುವುದರಿಂದ ಮುಂಜಾನೆ ಮಂಜು ಕಟ್ಟುತ್ತದೆ. ಬಿಸಿಲೇರಿದ ಮೇಲೆ ಅದು ಕರಗುತ್ತದೆ. ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಅದರೊಂದಿಗೆ ದೂಳೂ ತೇವವೂ ಏರಿ ದೂರದ ಬೆಟ್ಟಸಾಲು ಮಸುಕಾಗುತ್ತದೆ, ಮೋಡ ಕಟ್ಟುತ್ತದೆ. ಮಂಜು ಕರಗಿ ಮಬ್ಬು ಏರುವುದಕ್ಕೆ ಮುಂಚಿನ ಆ ಎರಡು ಮೂರು ಗಂಟೆಯೇ ವ್ಯೂ ಪಾಯಿಂಟಿನ ಬಂಗಾರದ ಹೊತ್ತು. ಹಿಂದಿನ ದಿನ ಮಳೆ ಸುರಿದು ಗಾಳಿ ತೊಳೆದಿದ್ದರಂತೂ ಇನ್ನೂ ಸೊಗಸು, ಬಂಡೆ ಒದ್ದೆಯಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಲೆಕ್ಕದ ಪ್ರಕಾರ ಸುತ್ತಲಿನ ನೆಲಕ್ಕಿಂತ 300 ಮೀಟರ್ ಎತ್ತರದಿಂದ ದಿಗಂತ ಸುಮಾರು 60 ಕಿಲೋಮೀಟರ್ ದೂರದಲ್ಲಿರುತ್ತದೆ. ಅದರಲ್ಲಿ ನಿಮ್ಮ ಕಣ್ಣಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಗಾಳಿಯ ತಿಳಿ ನಿರ್ಧರಿಸುತ್ತದೆ.

ಆ ತಾಣ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದೂ ನಕ್ಷೆಯಲ್ಲಿ ನೋಡಿ. ಪಶ್ಚಿಮಕ್ಕೆ ತೆರೆದಿದ್ದರೆ ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿದ್ದು ಎದುರಿನ ಕಣಿವೆಯೆಲ್ಲ ಬೆಳಗಿರುತ್ತದೆ. ಪೂರ್ವಕ್ಕೆ ತೆರೆದಿದ್ದರೆ ಮುಂಜಾನೆ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಹತ್ತು ಗಂಟೆಯ ಸುಮಾರಿಗೆ ಸೂರ್ಯ ಮೇಲೇರಿದ ಮೇಲೆ ವಾಸಿ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಾಡಿನೊಳಗಿನ ವ್ಯೂ ಪಾಯಿಂಟುಗಳು ವರ್ಷ ಕಳೆದಂತೆ ಮುಚ್ಚಿಹೋಗುತ್ತವೆ, ಮರಗಳು ಬೆಳೆಯುತ್ತವಲ್ಲ! ಹತ್ತು ವರ್ಷದ ಹಿಂದಿನ ಚಿತ್ರ ನೋಡಿ ಹೊರಡಬೇಡಿ. ಇತ್ತೀಚೆಗೆ ಹೋದವರು ತೆಗೆದ ಚಿತ್ರ ಹುಡುಕಿ. ಬರಿಯ ಬಂಡೆಯ ತುದಿಯಾದರೆ ಈ ಚಿಂತೆ ಕಡಿಮೆ.

‘ಸುಲಭ’ ಎಂಬ ಹಣೆಪಟ್ಟಿಯನ್ನು ನೀವೇ ಪರೀಕ್ಷಿಸಬೇಕು. ಚಾರಣವನ್ನು ಕಷ್ಟವಾಗಿಸುವುದು ದೂರಕ್ಕಿಂತ ಏರಿಕೆ, ಏರಿಕೆಗಿಂತ ಅದು ಎಲ್ಲಿ ಬರುತ್ತದೆ ಎಂಬುದು. 4 ಕಿಲೋಮೀಟರಿನಲ್ಲಿ 300 ಮೀಟರ್ ಸಮನಾಗಿ ಹಂಚಿಹೋಗಿದ್ದರೆ ಮಾತಾಡುತ್ತಾ ಏರಬಹುದು. ಮೂರು ಕಿಲೋಮೀಟರ್ ಸಮತಟ್ಟಾಗಿದ್ದು ಕೊನೆಯ ಒಂದರಲ್ಲೇ 250 ಮೀಟರ್ ಏರಬೇಕೆಂದರೆ ಅದು ಬೇರೆಯೇ ಚಾರಣ. ನಕ್ಷೆಯಲ್ಲಿ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಒತ್ತೊತ್ತಾಗಿ ಬಂದಲ್ಲಿ ನೆಲ ಕಡಿದು, ದೂರ ದೂರ ಇದ್ದಲ್ಲಿ ಇಳಿಜಾರು ಸೌಮ್ಯ. ಮೊಬೈಲಿನ ಚಾರಣ ಆ್ಯಪ್‌ಗಳು ಏರಿಳಿತದ ರೇಖಾಚಿತ್ರವನ್ನೇ ತೋರಿಸುತ್ತವೆ. ಅಲ್ಲಿ ಒಟ್ಟು ಏರಿಕೆಯನ್ನು ನೋಡಿ, ತಳಕ್ಕೂ ತುದಿಗೂ ಇರುವ ಎತ್ತರದ ವ್ಯತ್ಯಾಸವನ್ನಲ್ಲ. ನಡುವೆ ಹಳ್ಳಕ್ಕಿಳಿದು ಮತ್ತೆ ಹತ್ತುವ ದಾರಿಯಾದರೆ ಎರಡೂ ಒಂದೇ ಅಲ್ಲ, ಆ ಹಳ್ಳದ ಏರು ಮರಳುವಾಗಲೂ ಎದುರಾಗುತ್ತದೆ.

ಹೋದ ದಾರಿಯಲ್ಲೇ ಮರಳುವುದೋ ಸುತ್ತುದಾರಿಯೋ ಎಂಬ ಆಯ್ಕೆ ಸಿಕ್ಕರೆ, ಮೊದಲ ಸಲ ಹೋದ ದಾರಿಯಲ್ಲೇ ಮರಳಿ. ಎಲ್ಲಿ ಬೇಕಾದರೂ ಹಿಂತಿರುಗಬಹುದು, ಮುಂದೆ ಏನಿದೆ ಎಂಬುದು ಗೊತ್ತಿರುತ್ತದೆ. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ದಣಿದರೆ ಮುಂದಕ್ಕೂ ಅಷ್ಟೇ, ಹಿಂದಕ್ಕೂ ಅಷ್ಟೇ.

ಹೊರಡುವುದಕ್ಕೆ ಮೊದಲು ಆ ಕಾಡನ್ನು ನೋಡಿಕೊಳ್ಳುವ ಕಚೇರಿಯನ್ನು ವಿಚಾರಿಸಿ. ಹಲವು ಕಾಡುಗಳಲ್ಲಿ ಅನುಮತಿಪತ್ರ ಬೇಕು, ಗೇಟು ಮುಚ್ಚುವ ಹೊತ್ತು ಇರುತ್ತದೆ, ಕಾಳ್ಗಿಚ್ಚಿನ ಕಾಲದಲ್ಲಿ ಅಥವಾ ಮಳೆಗಾಲದಲ್ಲಿ ದಾರಿಯನ್ನೇ ಮುಚ್ಚಿರುತ್ತಾರೆ.

ಇನ್ನು ಒಯ್ಯುವ ಸಾಮಾನು. ನೀರಿನ ವಿಷಯದಲ್ಲಿ ಜಿಪುಣತನ ಬೇಡ: ಸಾಧಾರಣ ಹವೆಯಲ್ಲಿ ನಡಿಗೆಯ ಪ್ರತಿ ಗಂಟೆಗೆ ಒಬ್ಬರಿಗೆ ಅರ್ಧ ಲೀಟರ್, ಸೆಕೆಯಿದ್ದರೆ ಇನ್ನೂ ಹೆಚ್ಚು. ಅಲ್ಲಿಗೆ ದೊಡ್ಡವರಿಗೆ ತಲಾ ಎರಡರಿಂದ ಎರಡೂವರೆ ಲೀಟರ್ ಆಯಿತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ, ಆದ್ದರಿಂದ ತಾಯಿಯ ಪಾಲಿನ ನೀರನ್ನು ನೀವಿಬ್ಬರು ಹೊತ್ತುಕೊಳ್ಳಿ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ, ಶುದ್ಧಗೊಳಿಸದೆ ಕುಡಿಯಬಾರದು. ತಿನಿಸು ಒಣದಾಗಿರಲಿ, ಸ್ವಲ್ಪ ಉಪ್ಪಿರಲಿ, ನಿಂತಲ್ಲೇ ತಿನ್ನುವಂತಿರಲಿ. ಹಸಿವೆಯಾಗುವ ಮೊದಲೇ ಮಗುವಿಗೆ ಸ್ವಲ್ಪ ಸ್ವಲ್ಪ ಕೊಡುತ್ತಿರಿ.

ಹೊಸ ಬೂಟು ಹಾಕಿಕೊಂಡು ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಾಲಿಗೆ ಪಳಗಿದ, ಅಡಿ ಸವೆಯದ, ಅಚ್ಚು ಆಳವಾಗಿರುವ ಶೂ ಸಾಕು, ಈ ಮಟ್ಟದ ದಾರಿಗೆ ದುಬಾರಿ ಬೂಟಿನ ಅಗತ್ಯವಿಲ್ಲ. ಮುಂಭಾಗದಲ್ಲಿ ಬೆರಳು ಮುಂದೆ ತಾಗದಷ್ಟು ಜಾಗವಿರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ನಲುಗುತ್ತದೆ. ಉಗುರನ್ನು ಹಿಂದಿನ ದಿನವೇ ಕತ್ತರಿಸಿಕೊಳ್ಳಿ. ಪಾದದಲ್ಲಿ ಎಲ್ಲಾದರೂ ಉರಿ ಶುರುವಾದರೆ ಆ ಕ್ಷಣವೇ ನಿಂತು ಅಲ್ಲಿ ಅಂಟುಪಟ್ಟಿ ಹಚ್ಚಬೇಕು. ಗುಳ್ಳೆ ಎದ್ದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ.

ತೆಳುವಾದ ಗಾಳಿತಡೆ ಜಾಕೆಟ್ ಒಂದೊಂದು ಇರಲಿ. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಂಪಾಗುತ್ತದೆ, 300 ಮೀಟರಿಗೆ ಎರಡೇ ಡಿಗ್ರಿ. ಅದು ದೊಡ್ಡ ಮಾತಲ್ಲ. ಆದರೆ ಮರಗಳ ಮರೆಯಲ್ಲಿ ಬೆವರುತ್ತಾ ಬಂದವರು ತೆರೆದ ಬಂಡೆಯ ಮೇಲೆ ಗಾಳಿಗೆ ನಿಂತರೆ ಹತ್ತೇ ನಿಮಿಷದಲ್ಲಿ ಮೈ ನಡುಗುತ್ತದೆ. ಹತ್ತಿಯ ಬಟ್ಟೆ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವ ಬಟ್ಟೆಯೇ ಒಳ್ಳೆಯದು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವರಿಗೆ ಟಾರ್ಚ್ ಯಾಕೆ ಎಂದು ಕೇಳಬೇಡಿ, ಇಬ್ಬರ ಬಳಿಯಾದರೂ ಇರಲಿ. ಹಣೆಗೆ ಕಟ್ಟುವಂಥದ್ದಾದರೆ ಕೈ ಎರಡೂ ಬಿಡುವಾಗಿರುತ್ತವೆ.

ಮೊಬೈಲಿನಲ್ಲಿ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿಡಿ. ಸಿಗ್ನಲ್ ಇಲ್ಲದ ಕಡೆ ಫೋನು ಜಾಲವನ್ನು ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಬರಿದೆ ಪಡೆಯುವುದರಿಂದ ಮೊಬೈಲ್ ಜಾಲವಿಲ್ಲದೆಯೂ ಕೆಲಸ ಮಾಡುತ್ತದೆ. ದಟ್ಟ ಮರಗಳ ಕೆಳಗೆ ಅದು ತೋರಿಸುವ ಚುಕ್ಕೆ ಹತ್ತಾರು ಮೀಟರ್ ಆಚೀಚೆ ಆಗುವುದುಂಟು, ಅದನ್ನು ನಂಬಿ ಪೊದೆಗೆ ನುಗ್ಗಬಾರದು. ಕವಲುದಾರಿ ಬಂದಾಗಲೆಲ್ಲ ಒಂದು ಕ್ಷಣ ತಿರುಗಿ ನಿಂತು ಬಂದ ದಾರಿಯನ್ನು ನೋಡಿ, ಚಿತ್ರ ತೆಗೆದುಕೊಳ್ಳಿ. ಮರಳುವಾಗ ಅದೇ ಜಾಗ ಬೇರೆಯದಾಗಿ ಕಾಣುತ್ತದೆ, ಕಾಡಿನಲ್ಲಿ ದಾರಿ ತಪ್ಪುವವರು ಹೆಚ್ಚಾಗಿ ಇಳಿಯುವಾಗಲೇ ಇಂಥ ಕವಲಿನಲ್ಲಿ ಎಡವುತ್ತಾರೆ. ತಪ್ಪಿದೆವು ಎನಿಸಿದರೆ ನಿಂತುಬಿಡಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಹಿಂತಿರುಗಿ. ‘ಕೆಳಗೆ ಇಳಿದರೆ ಎಲ್ಲಾದರೂ ರಸ್ತೆ ಸಿಕ್ಕೀತು’ ಎಂದು ಹಳ್ಳ ಹಿಡಿದು ಇಳಿಯುವುದು ಅಪಾಯ.

ಮಗಳ ಕೊರಳಿಗೆ ಒಂದು ಸೀಟಿ ಕಟ್ಟಿ, ಕಳೆದುಹೋದರೆ ಮರವನ್ನು ಅಪ್ಪಿಕೊಂಡು ಅಲ್ಲೇ ನಿಂತು ಊದು ಎಂದು ಹೇಳಿಕೊಡಿ. ದೊಡ್ಡವರಿಗೆ ಪರ್ವತ ಪ್ರದೇಶಗಳ ಸಂಕೇತ ಗೊತ್ತಿರಲಿ: ಒಂದು ನಿಮಿಷದಲ್ಲಿ ಆರು ಸಲ ಊದಿ ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಊರಿನಲ್ಲಿ ಉಳಿದ ಒಬ್ಬರಿಗೆ ದಾರಿಯ ಹೆಸರು, ವಾಹನದ ಸಂಖ್ಯೆ, ಮರಳುವ ಹೊತ್ತು, ಎಷ್ಟು ಗಂಟೆಯೊಳಗೆ ಸುದ್ದಿಯಿಲ್ಲದಿದ್ದರೆ ಸಹಾಯ ಕೇಳಬೇಕು ಎಂಬುದನ್ನು ಬರೆದು ಕೊಡಿ. ಎಲ್ಲ ಸಾಮಾನಿಗಿಂತ ಈ ಚೀಟಿಯ ಬೆಲೆ ಹೆಚ್ಚು.

ಜೀವಜಂತುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿದರೆ ಜಿಗಣೆ, ಉಣ್ಣೆಗಳ ಕಾಟ ಬಹಳ ಕಡಿಮೆಯಾಗುತ್ತದೆ. ಜಿಗಣೆಯನ್ನು ಉಗುರಿನಿಂದ ಚರ್ಮಕ್ಕೆ ಒತ್ತಿ ಜಾರಿಸಿ ಬಿಡಿಸಿದರೆ ಸಾಕು. ಉಣ್ಣೆಯನ್ನು ಚಿಮಟಿಯಿಂದ ಚರ್ಮಕ್ಕೆ ಹತ್ತಿ ಹಿಡಿದು ನೆಟ್ಟಗೆ ಎಳೆಯಬೇಕು. ಅಡ್ಡಬಿದ್ದ ದಿಮ್ಮಿಯನ್ನು ಒಮ್ಮೆಲೆ ದಾಟದೆ, ಮೇಲೆ ಹತ್ತಿ ಆಚೆಬದಿ ನೋಡಿ ಇಳಿಯಿರಿ, ಹಾವುಗಳು ಅಲ್ಲಿ ನೆರಳಿಗೆ ಮಲಗಿರುತ್ತವೆ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಆ ಅಂಗವನ್ನು ಅಲುಗಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಬೇಕು. ಬಂಡೆಯ ಕೆಳಗೆ ಹೆಜ್ಜೇನು ಕಟ್ಟುವ ಪ್ರದೇಶವಾದರೆ ಸುಗಂಧ ಹಚ್ಚಿಕೊಳ್ಳಬಾರದು, ಹೊಗೆ ಹಾಕಬಾರದು, ಕಲ್ಲು ಎಸೆಯಬಾರದು.

ಅಂಚಿನ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಕಾಡಿನೊಳಗಿಂದ ಹಠಾತ್ತನೆ ಬೆಳಕಿಗೆ ಬಂದಾಗ ಕಣ್ಣು ದೂರಕ್ಕೆ ಹೋಗುತ್ತದೆ, ಕಾಲಕೆಳಗೆ ಏನಿದೆ ಎಂಬುದು ಮರೆತುಹೋಗುತ್ತದೆ. ಅಲ್ಲೇ ನಿಂತು, ಚೀಲ ಇಳಿಸಿ, ಎರಡು ಗುಟುಕು ನೀರು ಕುಡಿದು, ನೆಲವನ್ನು ನೋಡಿ. ಬಂಡೆಯ ಮೇಲಿನ ಸಣ್ಣ ಹರಳುಕಲ್ಲು ಗೋಲಿಯಂತೆ ಉರುಳುತ್ತದೆ. ಒಣ ತರಗೆಲೆ ಜಾರುತ್ತದೆ, ಪಾಚಿ ಒದ್ದೆಯಿದ್ದರೆ ಹೇಳುವುದೇ ಬೇಡ. ಕೆಲವು ಬಂಡೆಗಳ ಕೆಳಭಾಗ ಕೊರೆದುಹೋಗಿ ತುದಿ ಗಾಳಿಯಲ್ಲಿ ಚಾಚಿರುತ್ತದೆ, ಮೇಲೆ ನಿಂತವರಿಗೆ ಅದು ತಿಳಿಯುವುದೇ ಇಲ್ಲ. ಅಂಚಿನಿಂದ ದೊಡ್ಡವರೊಬ್ಬರು ಮಲಗಿದರೆ ಆಗುವ ಉದ್ದದ ಎರಡರಷ್ಟು ಹಿಂದೆ ಒಂದು ಗೆರೆ ಮನಸ್ಸಿನಲ್ಲಿ ಎಳೆದುಕೊಳ್ಳಿ. ಅದರಾಚೆ ಯಾರೂ ಹೋಗಬಾರದು, ಮಗುವಿನ ಕೈ ಒಬ್ಬರ ಕೈಯಲ್ಲೇ ಇರಬೇಕು. ಚಿತ್ರ ತೆಗೆಯುವಾಗ ಹಿಂದಕ್ಕೆ ಹೆಜ್ಜೆ ಇಡುವುದನ್ನು ಪೂರ್ತಿ ನಿಷೇಧಿಸಿ. ನೋಡುವುದಾದರೆ ಕೂತು ನೋಡಿ. ಕೂತವರು ಗಾಳಿಯ ಹೊಡೆತಕ್ಕೆ ತೂರಾಡುವುದಿಲ್ಲ, ನೋಟವೂ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕಟಕಟೆ ಇದ್ದರೆ ಅದರ ಮೇಲೆ ಭಾರ ಹಾಕಿ ಒರಗಬೇಡಿ.

ಮಿಂಚು ಕಂಡರೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ತೆರೆದ ಬಂಡೆಯಿಂದ ಆ ಕ್ಷಣವೇ ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು, ಒಂದೇ ಎತ್ತರದ ಮರಗಳಿರುವ ತಗ್ಗಿನಲ್ಲಿ ಇರುವುದು ವಾಸಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ತಂದ ಪ್ಲಾಸ್ಟಿಕ್ ಮಾತ್ರವಲ್ಲ, ಹಣ್ಣಿನ ಸಿಪ್ಪೆಯೂ ಚೀಲದಲ್ಲಿ ಮರಳಿ ಬರಲಿ. ಕೊಳೆಯುತ್ತದೆಂದು ಎಸೆಯುವ ಸಿಪ್ಪೆ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ, ಕಾಡಿನ ಪ್ರಾಣಿಗೆ ಮನುಷ್ಯರ ಹಿಂದೆ ಬರುವ ಚಟ ಹಿಡಿಸುತ್ತದೆ. ಮಲವಿಸರ್ಜನೆ ಅನಿವಾರ್ಯವಾದರೆ ನೀರಿನಿಂದ, ದಾರಿಯಿಂದ 60 ಮೀಟರಾದರೂ ದೂರ ಹೋಗಿ ಗುಂಡಿ ತೋಡಿ ಮುಚ್ಚಬೇಕು.

ಕೊನೆಗೆ ತಾಯಿಯವರ ಮಂಡಿ. ಅವರಿಗೆ ಕಷ್ಟವಾಗುವುದು ಏರುವಾಗಲ್ಲ, ಇಳಿಯುವಾಗ. ಏರುವಾಗ ಶ್ವಾಸಕ್ಕೆ ಕೆಲಸ, ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದುಕೊಳ್ಳಬೇಕು. ಮರುದಿನ, ಮೂರನೆಯ ದಿನ ಬರುವ ನೋವು ಇದರದ್ದೇ. ಎರಡು ಊರುಗೋಲು ಕೊಡಿ. ಏರುವಾಗ ತುಸು ಗಿಡ್ಡವಾಗಿ, ಇಳಿಯುವಾಗ ತುಸು ಉದ್ದವಾಗಿ ಹೊಂದಿಸಿಕೊಂಡರೆ ಮಂಡಿಯ ಮೇಲಿನ ಭಾರದಲ್ಲಿ ಒಂದು ಪಾಲನ್ನು ತೋಳುಗಳು ಹೊರುತ್ತವೆ. ಹೆಜ್ಜೆ ಚಿಕ್ಕದಾಗಿರಲಿ. ಎಲ್ಲರಿಗಿಂತ ಮುಂದೆ ನೀವು ಅಥವಾ ನಿಮ್ಮ ಪತಿ, ಅವರ ಹಿಂದೆಯೇ ತಾಯಿಯವರು ನಡೆಯಲಿ. ಹಿಂದುಳಿದವರನ್ನು ಕಾದು ನಿಂತು, ಅವರು ಬಂದ ಕೂಡಲೇ ಹೊರಟುಬಿಡುವ ಗುಂಪಿನಲ್ಲಿ ವಿಶ್ರಾಂತಿ ಯಾರಿಗೆ ಬೇಕೋ ಅವರಿಗೇ ಸಿಗುವುದಿಲ್ಲ.

ಅವರಿಗೆ ಆಗುತ್ತದೋ ಇಲ್ಲವೋ ಎಂಬುದನ್ನು ಊಹಿಸಬೇಡಿ, ಪರೀಕ್ಷಿಸಿ. ಒಂದು ಮಹಡಿಯೆಂದರೆ ಸುಮಾರು 3 ಮೀಟರ್, 300 ಮೀಟರ್ ಏರಿಕೆಯೆಂದರೆ ನೂರು ಮಹಡಿ. ಅಷ್ಟನ್ನೂ ಹತ್ತಿಸಬೇಕಾಗಿಲ್ಲ. ಮೂರು ನಾಲ್ಕು ವಾರ ಮೊದಲಿನಿಂದ ದಿನ ಬಿಟ್ಟು ದಿನ ನಡಿಗೆ, ಅದರ ಜೊತೆಗೆ ಮೆಟ್ಟಿಲು ಹತ್ತಿ ಇಳಿಯುವುದು ಶುರುಮಾಡಲಿ. ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ, ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವ ವೇಗ ಸರಿಯಾದ ವೇಗ. ಕೊನೆಯ ವಾರಾಂತ್ಯದಲ್ಲಿ ಎಲ್ಲರೂ ಚೀಲ ಹೊತ್ತು, ಚಾರಣದ ಶೂ ಹಾಕಿ ಏರಿಳಿತವಿರುವ ಕಡೆ ಮೂರು ಗಂಟೆ ನಡೆಯಿರಿ. ಮರುದಿನ ತಾಯಿಯವರ ಮಂಡಿ ಊದಿಕೊಂಡರೆ ಅಥವಾ ಮೆಟ್ಟಿಲಿಳಿಯುವಾಗ ಮಂಡಿ ಕುಸಿಯುವಂತಾದರೆ ವೈದ್ಯರಿಗೆ ತೋರಿಸುವವರೆಗೆ ಚಾರಣದ ದಿನ ಗೊತ್ತುಮಾಡಬೇಡಿ. ಏನೂ ಆಗದಿದ್ದರೆ ಧೈರ್ಯವಾಗಿ ಹೊರಡಿ, ಆದರೆ ದಾರಿಯ ನಡುವೆ ಅವರು ಸಾಕೆಂದರೆ ಜೊತೆಗೆ ಮರಳುವವರು ಯಾರು, ಮಗಳು ಯಾರೊಂದಿಗೆ ಇರಬೇಕು, ವಾಹನದ ಕೀಲಿಕೈ ಯಾರ ಬಳಿ ಎಂಬುದನ್ನು ಹಿಂದಿನ ರಾತ್ರಿಯೇ ಮಾತಾಡಿಕೊಂಡಿರಿ.